ಯಾರದೂ ತಕರಾರಿಲ್ಲ

ಅಳಿವೆಯ ಪಕ್ಕದ ಊರೊಂದರಲ್ಲಿ ಆಡಳಿತ ನೀತಿ ಕಲಿಸುವ ಗುರುಗಳಿದ್ದರು. ಅಧಿಕಾರಿಯಾಗುವವನು ಹೇಗೆ ವಿಚಾರಿಸಬೇಕು, ಹೇಗೆ ತೀರ್ಮಾನಿಸಬೇಕು ಎಂಬುದೇ ಅವರ ಪಾಠ. “ಆಜ್ಞೆ ಯಾರ ಮೇಲೆ ಬೀಳುತ್ತದೋ ಅವರ ತಕರಾರು ಕೇಳದೆ ಆಜ್ಞೆ ಕೊಡಬೇಡ” ಎಂದು ದಿನಾ ಹೇಳುತ್ತಿದ್ದರು. ಶಿಷ್ಯ ಚಂದ್ರಕೀರ್ತಿಗೆ ಈ ಮಾತು ನಿದ್ದೆಯಲ್ಲೂ ಬಾಯಿಗೆ ಬರುತ್ತಿತ್ತು. ಬಾಯಿಗೆ ಬಂದದ್ದೆಲ್ಲ ತಲೆಗೂ ಹೋಗಿರುತ್ತದೆ ಎಂದು ಗುರುಗಳು ನಂಬಿದ್ದರು. ಗುರುಗಳಿಗೆ ಇಂಥ ನಂಬಿಕೆಗಳಿರುತ್ತವೆ.

ಓದು ಮುಗಿದು ಚಂದ್ರಕೀರ್ತಿ ಅದೇ ಊರಿನ ಬಂದರಿನ ಅಧಿಕಾರಿಯಾದ. ಬಂದ ಹೊಸತರಲ್ಲೇ ರಾಜನ ಓಲೆ ಬಂತು: “ಅಳಿವೆಯ ತೆಂಕಣ ದಾರಿಯಿಂದ ಕಳ್ಳಮಾಲಿನ ದೋಣಿಗಳು ನುಗ್ಗುತ್ತಿವೆ. ಆ ದಾರಿಯನ್ನು ಮುಚ್ಚಬೇಕೋ ಬೇಡವೋ, ವಿಚಾರಿಸಿ ತೀರ್ಮಾನಿಸು.”

ಚಂದ್ರಕೀರ್ತಿ ಪಾಠ ಮರೆಯಲಿಲ್ಲ. ಮೀನುಗಾರರ ಕೇರಿಯಲ್ಲಿ ಡಂಗುರ ಹೊಡೆಸಿದ. “ತೆಂಕಣ ದಾರಿಗೆ ಗೂಟ ನೆಟ್ಟು ಮುಚ್ಚಲಾಗುವುದು! ತಕರಾರು ಇದ್ದವರು ಹೊತ್ತು ಮುಳುಗುವುದರೊಳಗೆ ಬಂದು ಹೇಳತಕ್ಕದ್ದು!”

ಗಂಡಸರೆಲ್ಲ ಮೀನಿಗೆಂದು ಕಡಲಿಗೆ ಹೋಗಿದ್ದರು. ಮುದುಕಿ ಸೋಮಿ ಮೀನಿನ ಬುಟ್ಟಿ ಇಳಿಸಿ ಕಚೇರಿಗೆ ಬಂದಳು.

“ಒಡೆಯಾ, ಆ ದಾರಿ ಮುಚ್ತೀರಂತೆ?”

“ಹೌದಮ್ಮ. ತಕರಾರು ಇದೆಯಾ?”

“ತಕರಾರು ಎಂತದು? ಆ ಕಳ್ಳರು ನಮ್ಮ ಬಲೆ ಹರಿದು ಹಾಕ್ತಾರೆ. ಮುಚ್ಚಿ, ಪುಣ್ಯ ಬರ್ತದೆ. ಆದ್ರೆ ನಮ್ಮೋರು ಹೋದ ದಾರಿಲೇ ವಾಪಸ್ ಬರೋದು. ನನ್ನ ಮಗ ದೇವು ಮುಂದಿನ ದೋಣಿಲಿದ್ದಾನೆ. ಅವ್ರು ದಡ ಸೇರ್ಲಿ, ಆಮೇಲೆ ಮುಚ್ಚಿ.”

“ಅಂದ್ರೆ, ಮುಚ್ಚಬೇಡಿ ಅಂತ ಹೇಳ್ತಿಲ್ಲ?”

“ಇಲ್ಲ ಒಡೆಯಾ. ತಡೀರಿ ಅಂತಿದ್ದೇನೆ.”

“ಹಾಗಾದ್ರೆ ಇದು ತಕರಾರಲ್ಲ. ಕಾಲಾವಕಾಶದ ಕೋರಿಕೆ. ಅದಕ್ಕೆ ನಿಯಮದಲ್ಲಿ ಜಾಗ ಇಲ್ಲ.”

ಸೋಮಿಗೆ ಅರ್ಥವಾಗಲಿಲ್ಲ. “ಓದಿದೋರು, ನಿಮಗೆ ಗೊತ್ತಿರ್ತದೆ ಬಿಡಿ” ಎಂದು ಬುಟ್ಟಿ ಎತ್ತಿಕೊಂಡು ಹೋದಳು.

ಹೊತ್ತು ಮುಳುಗಿತು. “ಡಂಗುರ ಹೊಡೆಸಲಾಗಿದೆ. ಯಾರದೂ ತಕರಾರಿಲ್ಲ” ಎಂದು ಚಂದ್ರಕೀರ್ತಿ ಬರೆದ. ಬೆಳಗ್ಗೆ ನೀರು ಇಳಿದಾಗ ಆಳುಗಳು ಚೂಪಾದ ಗೂಟಗಳನ್ನು ನೆಟ್ಟರು. ನೀರು ಏರಿದರೆ ಗೂಟ ಕಾಣುತ್ತಿರಲಿಲ್ಲ. ಕಳ್ಳರಿಗೆ ಕಾಣಬಾರದಲ್ಲ!

ಏರುವ ನೀರಿನ ಜೊತೆ ಮೊದಲ ದೋಣಿ ಬಂತು. ದಡದಲ್ಲಿದ್ದ ಹೆಂಗಸರು ಸೆರಗು ಬೀಸಿ ಬೀಸಿ ಕೂಗಿದರು. ತಮ್ಮನ್ನು ಕಂಡು ಹೆಂಗಸರು ಖುಷಿಪಡುತ್ತಿದ್ದಾರೆ ಎಂದು ದೋಣಿಯವರು ಅಂದುಕೊಂಡರು. ತಾವೂ ನಗುತ್ತ ಕೈ ಬೀಸಿದರು. ಮರುಗಳಿಗೆ ಮರ ಸೀಳಿದ ಸದ್ದು.

ಉಳಿದವರು ಈಜಿ ಬಂದರು. ದೇವು ಬರಲಿಲ್ಲ.

ಸುದ್ದಿ ಕೇಳಿ ಗುರುಗಳು ಓಡಿ ಬಂದರು. ಚಂದ್ರಕೀರ್ತಿ ಬಿಳಿಚಿಕೊಂಡು ನಿಂತಿದ್ದ.

“ಗುರುಗಳೇ, ಎಲ್ಲ ನೀವು ಹೇಳಿದ ಹಾಗೇ ಮಾಡಿದೆ. ಎಲ್ಲಿ ತಪ್ಪಿತು?”

“ಅದು ಆಮೇಲೆ! ನೋಡು ಅಲ್ಲಿ, ಉಳಿದ ದೋಣಿಗಳ ಪಟ ಕಾಣ್ತಿದೆ. ಮೊದಲು ಗೂಟ ಕೀಳಿಸು!”

“ಕೀಳಿಸ್ತೇನೆ. ಡಂಗುರದವನಿಗೆ ಹೇಳಿ ಕಳಿಸಿದ್ದೇನೆ.”

“ಡಂಗುರ ಯಾಕೋ?”

“ಕೀಳೋದಕ್ಕೂ ಆಜ್ಞೆ ಬೇಕಲ್ಲ. ಆಜ್ಞೆಗೆ ಮೊದಲು ತಕರಾರು ಕೇಳ್ಬೇಕು. ಹೊತ್ತು ಮುಳುಗೋ ತನಕ...”

ದೋಣಿ ಒಡೆದ ಸುದ್ದಿಗೆ ಕಿರುಚದಿದ್ದ ಗುರುಗಳು ಈಗ ಕಿರುಚಿದರು. “ಅಯ್ಯೋ! ಇವನಿಗೆ ಪಾಠ ಹೇಳಿದವನು ನಾನೇನಾ?”

ಅಷ್ಟರಲ್ಲಿ ಸೋಮಿ ನೀರಿಗಿಳಿದಿದ್ದಳು. ಎದೆಮಟ್ಟದ ನೀರಿನಲ್ಲಿ ಗೂಟವೊಂದನ್ನು ತಬ್ಬಿ ಅಲ್ಲಾಡಿಸುತ್ತಿದ್ದಳು. ಅವಳ ಹಿಂದೆ ಕೇರಿಯ ಹೆಂಗಸರೆಲ್ಲ ಹಗ್ಗ ಹಿಡಿದು ಇಳಿದರು. ಗುರುಗಳು ಶಾಲು ಎಸೆದು ತಾವೂ ಇಳಿದರು.

“ಗುರುಗಳೇ, ಅದು ಸರಕಾರಿ ಗೂಟ!” ಚಂದ್ರಕೀರ್ತಿ ದಡದಿಂದ ಕೂಗಿದ. “ಮುಟ್ಟಿದರೆ ದಂಡನೆ ಇದೆ!”

ಸೋಮಿ ತಿರುಗಿ ನೋಡಿದಳು. ಗೂಟಕ್ಕೆ ಬಿಗಿದ ಹಗ್ಗದ ತುದಿಯನ್ನು ಅವನತ್ತ ಎಸೆದಳು.

“ಕೂಗ್ಬೇಡ ಮಗಾ. ಹಿಡಿ. ಎಳಿ.”

ಮಗಾ ಅಂದಳು! ಚಂದ್ರಕೀರ್ತಿ ಹಗ್ಗ ಹಿಡಿದು ಎಳೆದ.

ಗೂಟಗಳು ಬಂದವು. ಆಮೇಲೆ ಉಳಿದ ದೋಣಿಗಳೂ ಬಂದವು.

ಮಾರನೆಯ ದಿನ ಗುರುಗಳು ಪಾಠಶಾಲೆಯ ಬಾಗಿಲು ತೆರೆಯಲಿಲ್ಲ. ಶಿಷ್ಯನನ್ನು ಕರೆದುಕೊಂಡು ಸೋಮಿಯ ಅಂಗಳಕ್ಕೆ ಹೋಗಿ ಕುಳಿತರು. ಅವಳು ಬಯ್ಯಲಿ, ಶಪಿಸಲಿ, ಏನಾದರೂ ಹೇಳಲಿ ಎಂದು ಇಬ್ಬರೂ ಸಂಜೆಯ ತನಕ ಕಾದರು. ಸೋಮಿ ದೇವುವಿನ ಹರಿದ ಬಲೆ ಹೊಲಿಯುತ್ತಲೇ ಇದ್ದಳು.

ನೀತಿ: ಕೇಳಿದ್ದೇನೆ ಎಂದು ಬರೆದಿಟ್ಟ ಮಾತ್ರಕ್ಕೆ ಕೇಳಿದಂತಾಗುವುದಿಲ್ಲ. ಆಜ್ಞೆ ಯಾರ ತಲೆಯ ಮೇಲೆ ಬೀಳುತ್ತದೋ ಅವರು ಬಂದು ಬಾಯಿ ತೆರೆಯುವ ತನಕ ಕಾಯಬೇಕು. ಅಷ್ಟು ಕಾಯಲಾರದ ಅಧಿಕಾರಿ ಎಷ್ಟು ಓದಿದ್ದರೂ ಊರಿಗೆ ಅಪಾಯವೇ.