ತುದಿ ಸುಟ್ಟ ಬತ್ತಿ

ಕೊಚ್ಚಿಯ ಯಹೂದಿ ಬೀದಿಯಲ್ಲಿ ಧರ್ಮಗುರು ಪೂಜ್ಯ ರಬ್ಬಿ ಎಜ್ರಾ ಅವರ ಪುಟ್ಟ ಮನೆಯಿತ್ತು. ಜಗಲಿಯೇ ಅವರ ಪೀಠ. ಒಂದು ಶುಕ್ರವಾರ ಮಧ್ಯಾಹ್ನ ಮೆಣಸಿನ ವ್ಯಾಪಾರಿ ಪಿನ್ಹಾಸ ಅಲ್ಲಿಗೆ ಬುಸುಗುಟ್ಟುತ್ತ ಬಂದ. ಮೂಟೆಗೆ ಕೈಹಾಕಿ ಕಾಳು ನೋಡದೆ ಏನನ್ನೂ ಒಪ್ಪದ ಆಸಾಮಿ. ಸಂತರಲ್ಲೂ ಅಂಥ ನಂಬಿಕೆಯಿರಲಿಲ್ಲ. ಆದರೆ ವಿಚ್ಛೇದನ ಪತ್ರ ಬೇಕಾದರೆ ರಬ್ಬಿಗಳ ಬಳಿಗೇ ಬರಬೇಕು.

"ಸಿಪೋರಾ ಜೊತೆ ಇನ್ನು ಬಾಳಲಾರೆ, ಗುರುಗಳೇ. ಹೋದ ಶುಕ್ರವಾರ ಶಬ್ಬತ್ ದೀಪ ಹಚ್ಚಲು ಹೋದವಳು ಬತ್ತಿಯೊಡನೆ ಗುದ್ದಾಡುತ್ತಲೇ ಇದ್ದಳು. ಹೊತ್ತು ಮುಳುಗಿ ಪವಿತ್ರ ದಿನ ಶುರುವಾಯಿತು. ಆಮೇಲೆ ಬೆಂಕಿ ಮುಟ್ಟುವಂತಿಲ್ಲವಲ್ಲ! ಕತ್ತಲಲ್ಲೇ ಊಟ. ಮೀನಿನ ಸಾರು ನೇರ ನನ್ನ ಬಿಳಿ ನಿಲುವಂಗಿಗೆ. ಚೆನ್ನಾಗಿ ಬೈದೆ. ಅಂದಿನಿಂದ ಹೆಂಡತಿಯ ಬಾಯಿಗೆ ಬೀಗ."

ರಬ್ಬಿಗಳು ಹತ್ತಿಯ ಬತ್ತಿ ಹೊಸೆದು, ಒಂದೊಂದರ ತುದಿಯನ್ನೂ ಹೊತ್ತಿಸಿ ಆರಿಸಿ ತಟ್ಟೆಯಲ್ಲಿಡುತ್ತಿದ್ದರು. ಒಳಗಿನಿಂದ ಅವರ ಪತ್ನಿ ಕೂಗಿದರು: "ಆಯಿತಾ? ಇಲ್ಲಾ ಇವತ್ತೂ ಊರ ಪಂಚಾಯಿತಿಯಾ?"

"ಆಯಿತಮ್ಮಾ, ಆಯಿತು," ಎಂದು ಪೂಜ್ಯರು ನಕ್ಕರು.

"ಹೆಂಗಸರ ಕೆಲಸ ತಾವು ಮಾಡುವುದೇ?" ಎಂದ ಪಿನ್ಹಾಸ.

"ಹಚ್ಚುವ ಪುಣ್ಯ ಅವಳದು, ಅಣಿಗೊಳಿಸುವ ಕೆಲಸ ನನ್ನದು. ಹೊಸ ಬತ್ತಿ ಹಠ ಮಾಡುತ್ತದೆ. ತುದಿ ಸುಟ್ಟದ್ದು ಥಟ್ಟನೆ ಹತ್ತುತ್ತದೆ. ನಿನ್ನ ಮನೆಯಲ್ಲಿ ಬತ್ತಿ ಸುಡುವವರು ಯಾರಪ್ಪ?"

ಸರಕೇ ಕೊಡದೆ, ಮಾರಲಿಲ್ಲವೆಂದು ಆಳನ್ನು ಬೈದ ಧಣಿಯ ಸ್ಥಿತಿ ಪಿನ್ಹಾಸನದಾಯಿತು.

"ಶಬ್ಬತ್ ಕಳೆಯಲಿ, ಪತ್ರ ಬರೆಯೋಣ. ಈಗ ಹೋಗು, ಇನ್ನೂ ಹೊತ್ತಿದೆ," ಎಂದರು ರಬ್ಬಿಗಳು.

ಮನೆಯಲ್ಲಿ ಪಿನ್ಹಾಸ ನೆಲದ ಮೇಲೆ ಕೂತು ಹತ್ತಿ ಹೊಸೆಯತೊಡಗಿದ. ಒಂದು ಹಗ್ಗದಂತಾಯಿತು, ಇನ್ನೊಂದು ಬಿಚ್ಚಿಕೊಂಡಿತು, ಮತ್ತೊಂದರ ಜೊತೆಗೆ ಬೆರಳೂ ಸುಟ್ಟಿತು.

ಬಾಗಿಲಲ್ಲಿ ನಿಂತಿದ್ದ ಸಿಪೋರಾ ಕೇಳಿದಳು: "ಅದೇನು, ಮೂಟೆ ಹೊಲಿಯುವ ದಾರವಾ?"

ವಾರದ ಮೇಲೆ ಕಿವಿಗೆ ಬಿದ್ದ ಮಾತು! ಆ ಚುಚ್ಚುನುಡಿಯೇ ಪಿನ್ಹಾಸನಿಗೆ ಜೇನಾಯಿತು. "ತಪ್ಪು ನನ್ನದೇ ಕಣೇ," ಎಂದ.

"ಸಾರು ಬಿದ್ದದ್ದೂ?"

"ಅದೂ."

ಸಿಪೋರಾ ಕಿಲಕಿಲನೆ ನಕ್ಕಳು. ಸೂರ್ಯ ಹಿನ್ನೀರಿಗೆ ಇಳಿಯುವ ಮುನ್ನ ಕಡ್ಡಿ ತಾಗಿಸಿದಳು; ದೀಪ ಒಮ್ಮೆಲೇ ಹೊತ್ತಿತು.

ಶಬ್ಬತ್ ಕಳೆಯಿತು. ಪತ್ರಕ್ಕಾಗಿ ಪಿನ್ಹಾಸ ಬರಲಿಲ್ಲ. ಬಂದದ್ದು ಮುಂದಿನ ಶುಕ್ರವಾರ, ಅಂಗಡಿಯನ್ನು ಬೇಗನೆ ಮುಚ್ಚಿ, ಮಡಿಲ ತುಂಬ ಹತ್ತಿ ಹೊತ್ತು. ಪೂಜ್ಯರ ಪಾದ ಮುಟ್ಟಿ ಕೇಳಿದ: "ಎಣ್ಣೆ ಏರುವಷ್ಟು ಸಡಿಲ ಹೊಸೆಯುವುದು ಹೇಗೆ, ಗುರುಗಳೇ? ನನ್ನವು ಹಗ್ಗದಂತಿವೆಯೆಂದು ಅವಳು ಬೀದಿಗೆಲ್ಲ ಸಾರಿಬಿಟ್ಟಿದ್ದಾಳೆ!"

ರಬ್ಬಿಗಳು ಪಕ್ಕಕ್ಕೆ ಸರಿದು ಅವನಿಗೆ ಜಾಗ ಮಾಡಿಕೊಟ್ಟರು.