ಅಳತೆಕೋಲು ಮಲಗದ ತಿರುವು

ಕುದುರೆಗಳು ಟ್ರಾಮು ಎಳೆಯುತ್ತಿದ್ದ ಕಾಲದಿಂದಲೂ ಆ ಊರಿನಲ್ಲಿ ಹಳಿ ಹಾಕುವಾಗಲೆಲ್ಲ ಒಂದು ಕಬ್ಬಿಣದ ಅಳತೆಕೋಲನ್ನು ಹಳಿಗಳ ಮೇಲೆ ಅಡ್ಡಲಾಗಿ ಮಲಗಿಸಿ ನಡುವಿನ ಅಗಲ ನೋಡುತ್ತಿದ್ದರು. ಕೋಲು ಸರಿಯಾಗಿ ಕೂತರೆ ಮಾತ್ರ ಮುಂದಿನ ಹಳಿ. ಪೇಟೆಯಿಂದ ಕೋಟೆಗೆ, ಕೋಟೆಯಿಂದ ಹೊಳೆದಂಡೆಗೆ ದಾರಿ ಬೆಳೆದದ್ದು ಹೀಗೆಯೇ. ಕೋಲಿಗೆ ಆ ಹೆಮ್ಮೆ ಇತ್ತು.

ವಿದ್ಯುತ್ ಟ್ರಾಮು ಬಂದ ವರ್ಷ ಹೊಳೆಯಾಚೆಗೂ ಹಳಿ ಹಾಕಿದರು. ಕೊನೆಯ ತಿರುವೊಂದು ಉಳಿದಿತ್ತು. ಮಾವಿನ ತೋರಣ ಕಟ್ಟಿಸಿಕೊಂಡು ನಿಂತಿದ್ದ ಹೊಸ ಟ್ರಾಮಿಗೆ ತಡೆಯಲಾಗಲಿಲ್ಲ. ಹಳಿ ಕೂರಿಸುತ್ತಿದ್ದ ಮೇಸ್ತ್ರಿಗೆ ಅದು ಹೇಳಿತು:

"ಮುನಿವೀರಪ್ಪನವರೇ, ಜನ ಕಾಯುತ್ತಿದ್ದಾರೆ. ಇಷ್ಟು ವರ್ಷದ ಮೇಸ್ತ್ರಿ ನೀವು, ನಿಮ್ಮ ಕಣ್ಣಳತೆ ಸಾಲದೇ? ಒಂದು ಹೆಜ್ಜೆಯೂ ಓಡದ ಆ ಕೋಲಿನ ಅಪ್ಪಣೆ ನನಗೇಕೆ?"

ಹೊಗಳಿಕೆಗೆ ಉಬ್ಬಿದ ಮೇಸ್ತ್ರಿ ಕೋಲನ್ನು ಪಕ್ಕಕ್ಕಿಟ್ಟು, ಕಣ್ಣಳತೆಯಲ್ಲೇ ತಿರುವಿನ ಹಳಿ ಕೂರಿಸಿದ. ಕೋಲಿಗೆ ಮೈಯೆಲ್ಲ ಉರಿಯಿತು.

ವಾದ್ಯದೊಡನೆ ಹೊರಟ ಟ್ರಾಮು ಆ ತಿರುವಿನಲ್ಲೇ ಹಳಿ ಬಿಟ್ಟು ಮಣ್ಣಿಗಿಳಿಯಿತು. ತೋರಣ ಉದುರಿತು. ಜನ ಇಳಿದು ನಡೆದುಕೊಂಡು ಹೋದರು. ಮೇಸ್ತ್ರಿ ಓಡಿಬಂದು ಕೋಲನ್ನು ಮಲಗಿಸಿ ನೋಡಿದ: ಹಳಿಗಳ ನಡುವೆ ಒಂದು ಬೆರಳಿನಷ್ಟು ಅಗಲ ಹೆಚ್ಚಾಗಿತ್ತು.

"ತಪ್ಪಾಯ್ತಪ್ಪಾ," ಎಂದು ಕೋಲನ್ನು ತನ್ನ ಪಂಚೆಯಿಂದಲೇ ಒರೆಸಿ, ಹಳಿ ಕಿತ್ತು ಮತ್ತೆ ಕೂರಿಸಿದ.

ಟ್ರಾಮು ತಗ್ಗಿದ ದನಿಯಲ್ಲಿ ಕೇಳಿತು, "ಆಗಲೇ ಒಂದು ಮಾತು ಹೇಳಬಾರದಿತ್ತೇ?"

"ಹಳಿಯ ಮೇಲೆ ಮಲಗಿಸಿದರೆ ಮಾತ್ರ ಅದು ಸರಿಯೋ ತಪ್ಪೋ ನಾನು ಹೇಳಬಲ್ಲೆ," ಎಂದಿತು ಕೋಲು. "ನಾನು ಮಲಗದ ಕಡೆ ಈ ಊರಿನಲ್ಲಿ ಟ್ರಾಮು ಓಡಿದ್ದು ಇದೊಂದೇ ಸಲ. ಅದೂ ಹತ್ತೇ ಮಾರು."