ಹೊಸ್ತಿಲಲ್ಲಿ ಕೂತ ನೇಕಾರನೂ ಮಾಳವ್ವ ಹಿಡಿದ ವ್ರತವೂ

ದೀಪದ ಬತ್ತಿಯನ್ನು ಒಂದಿಷ್ಟು ಮುಂದಕ್ಕೆ ನೂಕಿರಿ, ಹಿಂದೆ ಕೂತವರು ಒತ್ತಿ ಬನ್ನಿರಿ, ಅಕ್ಷತೆ ಕೈಯಲ್ಲಿರಲಿ, ಕಿವಿ ಇತ್ತ ಇರಲಿ. ಹೊಸ್ತಿಲಗೌರಿಯ ಮಹಿಮೆ ಹೇಳುತ್ತೇನೆ. ಒಳಗಿನವರನ್ನೂ ಹೊರಗಿನವರನ್ನೂ ಕಾಯುವ ತಾಯಿ ತಾನು ಮಾತ್ರ ಒಳಗೂ ಅಲ್ಲದೆ ಹೊರಗೂ ಅಲ್ಲದೆ ನಡುವೆ ಯಾಕೆ ಮಲಗಿದಳೋ, ಊರಿಗೊಂದು ಮಾತು ಹೇಳುತ್ತಾರೆ. ಅದಿರಲಿ, ಅವಳು ಮಾಡಿದ್ದನ್ನು ಕೇಳಿರಿ.

ಮಣಿಪೇಟೆ ಎಂಬ ಊರಿನಲ್ಲಿ ದುಗ್ಗಪ್ಪನೆಂಬ ಬಡವನು ಕನ್ನಡಿ ಬಾಚಣಿಗೆಯ ಗಂಟು ಹೊತ್ತು, ಊರೂರು ತಿರುಗಿ ಮಾರಿ, ಹೆಂಡತಿ ಮಾಳವ್ವನೊಡನೆ ಅಪ್ಪ ಬಿಟ್ಟುಹೋದ ಮನೆಯಲ್ಲಿ ವಾಸವಾಗಿದ್ದನು. ಆ ಮನೆಯಲ್ಲಿ ಅವನ ತಂಗಿ ಹಾಲವ್ವನಿಗೂ ಪಾಲಿತ್ತು. ಆ ಸೀಮೆಯ ಪದ್ಧತಿ ಏನಪ್ಪಾ ಎಂದರೆ, ಮನೆಯ ವಿಷಯದಲ್ಲಿ ಪರರಿಗೆ ಮಾತು ಕೊಡುವ ಮುನ್ನ ಹೊಸ್ತಿಲಿಗೆ ಅರಿಶಿನ ಬಳಿದು, ಆ ಮನೆಯಲ್ಲಿ ಹುಟ್ಟಿದ ಹೆಣ್ಣುಮಕ್ಕಳನ್ನೂ ಸೇರಿದ ಸೊಸೆಯರನ್ನೂ ಕೂರಿಸಿ ಕೇಳಿ, ಅವರು ಹೂಂ ಎಂದ ಮೇಲೆ ಬಂದವನನ್ನು ಒಳಗೆ ಕರೆದು ದೀಪದ ಮುಂದೆ ವೀಳ್ಯ ಹಿಡಿಯಬೇಕು. ಹೊಸ್ತಿಲ ಮೇಲೆ ನಿಂತು ಕೊಡುವುದೂ ಇಲ್ಲ, ತಗೊಳ್ಳುವುದೂ ಇಲ್ಲ.

ದುಗ್ಗಪ್ಪನಿಗೋ ಮನೆಗಿಂತ ದಾರಿ ಮೇಲೆ ಆಸೆ. ಇದನ್ನು ಮಾರಿ ಒಂದು ಕುದುರೆ ಕೊಂಡರೆ ಸಮುದ್ರ ಕಾಣುವ ತನಕ ವ್ಯಾಪಾರ ಮಾಡಬಹುದಲ್ಲ ಎಂದು ಅವನ ಎಣಿಕೆ. ಒಂದು ಮುಂಜಾನೆ ಮಾಳವ್ವ ನೀರಿಗೆ ಹೋಗಿರಲಾಗಿ, ಇವನು ಗಂಟು ಹೆಗಲಿಗೇರಿಸಿ ಹೊರಡುತ್ತಿರಲಾಗಿ, ಕೆಳಗೇರಿಯ ನೇಕಾರ ಲಿಂಬಣ್ಣ ಬಂದು ಮನೆ ಕೇಳಿದನು. ದುಗ್ಗಪ್ಪ ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ ಇಟ್ಟವನು ಇಟ್ಟ ಹಾಗೇ, ವೀಳ್ಯವನ್ನೂ ಮುಂಗಡವನ್ನೂ ಈಸಿಕೊಂಡು, ಆಯಿತು ಹೋಗು, ಮನೆ ನಿಂದೇ ಎಂದು ಹೇಳಿ ದಾರಿ ಹಿಡಿದನು. ಯಾರನ್ನೂ ಕೇಳಲಿಲ್ಲ, ಯಾರಿಗೂ ಹೇಳಲಿಲ್ಲ.

ಸ್ವಲ್ಪ ಕಾಲಕ್ಕೆ ಹಾಲವ್ವ ತುಂಬು ಬಸುರಿಯಾಗಿ ಬಾಣಂತನಕ್ಕೆ ತವರಿಗೆ ಬಂದಳು. ಮನೆ ಮಾರಾಟದ ಸುದ್ದಿ ಬಾವಿಕಟ್ಟೆಯಲ್ಲಿ ಅವಳ ಕಿವಿಗೆ ಬಿತ್ತು. ದುಗ್ಗಪ್ಪ ತಿರುಗಾಟ ಮುಗಿಸಿ ಮನೆಗೆ ಬರುತ್ತಲೇ, “ಅಣ್ಣಾ, ನಿನ್ನ ಪಾಲು ಬೇಕಾದ್ರ ಹೊತ್ಕೊಂಡು ತಿರುಗು. ನನ್ನ ಪಾಲಿನಾಗ ನಾನು ಹಡೀಬೇಕು, ನಾ ಒಪ್ಪಾಂಗಿಲ್ಲ” ಎಂದು ನಡುಮನೆಯಲ್ಲಿ ಕೂತುಬಿಟ್ಟಳು. ಮಾರಾಟ ಮುರಿಯಿತು. ದುಗ್ಗಪ್ಪ ಮುಂಗಡವನ್ನು ತಿರುಗಿ ಕೊಟ್ಟು, ಇನ್ನೇನು ಮುಗಿಯಿತು ಎಂದುಕೊಂಡನು.

ಮುಗಿಯಲಿಲ್ಲ. ಮರುದಿನವೇ ಲಿಂಬಣ್ಣ ಬಂದು, ನಿನ್ನ ಮಾತು ನಂಬಿ ಹಸು ಕೊಂಡೆ, ಏನೇನೋ ಮಾಡಿಕೊಂಡೆ, ಆ ಖರ್ಚೆಲ್ಲ ಕೊಡು ಎಂದು ನಿಂತನು. ದುಗ್ಗಪ್ಪ ನಕ್ಕು, “ಮುಂಗಡ ಮುಟ್ಟಿತಲ್ಲೋ! ನೀ ಹಸು ಕೊಂಡ್ರ ನಾ ಹುಲ್ಲು ಹಾಕಬೇಕೇನು?” ಎಂದನು. ಲಿಂಬಣ್ಣ ಮಾತು ಬೆಳೆಸದೆ, ಹೆಗಲ ವಸ್ತ್ರ ಹಾಸಿ ಹೊಸ್ತಿಲ ಮೇಲೆ ಕೂತನು.

ಹಾಗೆ ಕೂತರೆ ಏನು ಎಂದು ಈಗಿನವರು ಕೇಳಬಹುದು. ಅನ್ಯಾಯವಾದವನು ಹೊಸ್ತಿಲಲ್ಲಿ ಕೂತರೆ, ಅವನು ಏಳುವ ತನಕ ಅವನೂ ಉಣ್ಣುವಂತಿಲ್ಲ, ಮನೆಯವರೂ ಒಲೆ ಹಚ್ಚುವಂತಿಲ್ಲ. ಒಳಗೆ ದಿನ ತುಂಬಿದ ಹಾಲವ್ವ ಹಸಿದ ಹೊಟ್ಟೆ ಹಿಡಿದುಕೊಂಡು ಗೋಡೆಗೊರಗಿದಳು. ಮಾಳವ್ವ ಆರಿದ ಒಲೆಯ ಮುಂದೆ ಕೂತು ಅತ್ತಳು.

ದುಗ್ಗಪ್ಪನು ಹಿತ್ತಲ ಬಾಗಿಲಿಂದ ಜಾರಿದನು. ಆದರೆ ವಿಚಿತ್ರ ನೋಡಿರಿ, ಸಂತೆಯ ದಾರಿ ಹಿಡಿದು ನಡೆದರೆ ತನ್ನ ಮನೆಯ ಮುಂದೆ ಬಂದು ನಿಂತನು. ಹೊಳೆಯ ದಾರಿ ಹಿಡಿದರೂ ತನ್ನ ಮನೆಯೇ. ಹುಟ್ಟಿದಾಗಿಂದ ತುಳಿದ ದಾರಿಗಳು ಹೀಗೆ ತಿರುಚಿಕೊಳ್ಳಲು ಕಾರಣವೇನೆಂದು ತಿಳಿಯದೆ ಹೆದರಿ ಬೆವರಿ, “ಎಲ್ಲಾ ಕೊಡ್ತೀನಿ ಮಾರಾಯಾ, ಕೇಳಿದ್ದೆಲ್ಲಾ ಕೊಡ್ತೀನಿ, ಈ ಮನೀನ ಮಾರಿ ಕೊಡ್ತೀನಿ!” ಎಂದು ಕೂಗಿದನು. ಅದನ್ನು ಕೇಳಿ ಹಾಲವ್ವ ಒಳಗಿಂದ ಗೊಳೋ ಎಂದಳು.

ಆಗ ಅರಿಶಿನ ಮಾರುವ ಒಬ್ಬ ಮುದುಕಿ ಬೀದಿಯಲ್ಲಿ ಬಂದಳು. ಲಿಂಬಣ್ಣನನ್ನು ಮೇಲಿಂದ ಕೆಳಗೆ ನೋಡಿ, “ಯಾಕೋ ತಮ್ಮಾ, ಅಗಳಿ ಹಾಕಿದಂಗ ಕೂತೀಯಲ್ಲ, ಈ ಮನೀಗೆ ಬಾಗಿಲಿಲ್ಲೇನು?” ಎಂದು ಕೇಳಿ, ಉತ್ತರಕ್ಕೂ ನಿಲ್ಲದೆ ಹಿತ್ತಲಿಗೆ ನಡೆದು, ಮಾಳವ್ವನನ್ನು ಕರೆದು ವ್ರತದ ಕ್ರಮ ಹೇಳಿದಳು. ಏನೆಂದರೆ: “ಏನೂ ಕೊಡಾಂಗಿಲ್ಲ ಅಂದದ್ದೂ ತಪ್ಪು, ಎಲ್ಲಾ ಕೊಡ್ತೀನಿ ಅಂದದ್ದೂ ತಪ್ಪು. ಮೊದಲು ನಿಮ್ಮ ತಪ್ಪು ನೀವ ಒಪ್ಪಿಕೊಳ್ರಿ. ಆಮ್ಯಾಲೆ ಅವನನ್ನ ದೀಪದ ಮುಂದ ಕೂರಿಸಿ, ಒಂದೊಂದು ಖರ್ಚಿಗೂ ಕೇಳು ಮಗಳೇ: ಯಾರಿಗೆ ಕೊಟ್ಟಿ, ಅದು ಈಗ ಎಲ್ಲೈತಿ, ನಮ್ಮ ಮಾತು ಇಲ್ಲದಿದ್ರ ಕೊಡತಿದ್ದೇನು? ನಿಮ್ಮ ಮಾತಿನಿಂದ ಕಳಕೊಂಡದ್ದನ್ನ ಕೊಡು. ಅವನ ಮನೀಯಾಗ ಉಳಿದದ್ದು ಅವನದ.”

ಅದರಂತೆ ಮಾಳವ್ವ ಮಿಂದು, ದೀಪ ಹಚ್ಚಿ, ನೆರೆಯ ಹಿರಿಯರನ್ನು ಕರೆಸಿ, ಲಿಂಬಣ್ಣನಿಗೆ ಕೈಮುಗಿದು, “ಅಣ್ಣಾ, ತಪ್ಪು ನಮ್ಮದು. ತಂಗೀನ ಕೇಳದೆ ಮಾತು ಕೊಟ್ಟಾರ ಇವರು. ಒಳಗ ಬರ್ರಿ, ಎದ್ರ ನಿಮ್ಮ ಹಟ ಸೋತಂಗಲ್ಲ” ಎಂದಳು. ತಪ್ಪು ಎಂಬ ಮಾತು ಅಷ್ಟು ಬೇಗ ಬಂದೀತೆಂದು ಎಣಿಸದ ಲಿಂಬಣ್ಣ, ಬೆರಗಾಗಿ ಎದ್ದು ಒಳಗೆ ಬಂದು ಕೂತನು. ಅವನು ಬಿಟ್ಟ ಹೊಸ್ತಿಲ ಮೇಲೆ ಮುದುಕಿ ಕೂತಳು.

ಅವನು ಹೇಳುತ್ತ ಹೋದನು, ಇವಳು ಕೇಳುತ್ತ ಹೋದಳು. ಶಾನುಭೋಗರಿಗೆ ಪತ್ರದ ಕೂಲಿ ಕೊಟ್ಟೆ ಎಂದನು. ಹಿರಿಯರಲ್ಲೊಬ್ಬರು ಹೋಗಿ ವಿಚಾರಿಸಿ ಬಂದು, ಹೌದು, ಕೊಟ್ಟಿದ್ದಾನೆ ಎಂದರು. ಅದು ಕೊಡತಕ್ಕದ್ದಾಯಿತು. ಸಾಮಾನು ಹೇರಲು ಗಾಡಿ ಗೊತ್ತುಮಾಡಿದ್ದೆ ಎಂದನು, ಅದೂ ಆಯಿತು. ಗೃಹಪ್ರವೇಶಕ್ಕೆಂದು ಹಸು ಕೊಂಡೆ ಎಂದನು.

“ಹಸು ಈಗ ಎಲ್ಲೈತಣ್ಣಾ?”

“ನಮ್ಮ ಕೊಟ್ಟಿಗ್ಯಾಗ.”

“ಹಾಲು ಕೊಡ್ತೈತೇನು?”

“ಭೇಷ್ ಕೊಡ್ತೈತಿ!”

“ಯಾರು ಕುಡೀತೀರಿ?”

ಹಿರಿಯರು ನಕ್ಕರು. ಲಿಂಬಣ್ಣನೂ ಮೀಸೆಯಡಿ ನಕ್ಕು, ಹೋಗಲಿ ಬಿಡು ತಂಗೀ, ಹಸು ಬಿಟ್ಟೆ, ಗೃಹಪ್ರವೇಶಕ್ಕೆಂದೇ ಹೆಂಡತಿಯ ಕಿವಿಗೆ ಮಾಡಿಸಿದ ಬುಗುಡಿಯನ್ನೂ ಬಿಟ್ಟೆ ಎಂದನು. ಆಮೇಲೆ ಅವನ ದನಿ ಇಳಿಯಿತು. ಹೊಸ ಮನೆಯಲ್ಲಿ ಮಗ್ಗ ಹೂಡುವುದೆಂದು, ತಾನಿದ್ದ ಬಾಡಿಗೆಮನೆಯ ಒಡೆಯರ ಮಾತಿನಂತೆ ಅಲ್ಲಿನ ಮಗ್ಗದ ಕುಣಿಯನ್ನು ಮುಚ್ಚಿಸಿದ್ದನು. ನೇಕಾರ ಕಾಲಿಳಿಸಿ ಕೂರುವ ಕುಣಿ ಅದು, ಅದಿಲ್ಲದೆ ಮಗ್ಗವಿಲ್ಲ. ಅಂದಿನಿಂದ ಒಂದು ಗೇಣು ಬಟ್ಟೆಯನ್ನೂ ನೇಯ್ದಿಲ್ಲ ಎಂದು ಹೇಳಿ ಕಣ್ಣೊರೆಸಿಕೊಂಡನು.

ಹುಲ್ಲು ಹಾಕಬೇಕೇನು ಎಂದಿದ್ದ ದುಗ್ಗಪ್ಪ ತಲೆ ತಗ್ಗಿಸಿದನು. ಪತ್ರದ ಕೂಲಿಯನ್ನೂ ಗಾಡಿಯ ಬಾಡಿಗೆಯನ್ನೂ ಮಾಳವ್ವ ಬೀಸಿ ಕುಟ್ಟಿ ಕೂಡಿಟ್ಟ ಹಣದಲ್ಲಿ ಕೊಡುವುದೆಂದೂ, ಕುಣಿಯನ್ನು ದುಗ್ಗಪ್ಪನೇ ಅಗೆದು ಕೊಡುವುದೆಂದೂ, ನೇಯ್ಗೆ ನಿಂತ ನಷ್ಟಕ್ಕೆ ದೀಪಾವಳಿಯ ತನಕ ಲಿಂಬಣ್ಣನ ಸೀರೆಗಳನ್ನು ಕೂಲಿಯಿಲ್ಲದೆ ಹೊತ್ತು ಮಾರುವುದೆಂದೂ ನಿಶ್ಚಯವಾಯಿತು. “ನನ್ನ ಮನಸು ನೊಂದದ್ದಕ್ಕೇನು ಕೊಡ್ತೀರಿ?” ಎಂದು ಲಿಂಬಣ್ಣ ಕೇಳಲಾಗಿ, ದುಗ್ಗಪ್ಪ ಎದ್ದು ಅವನ ಕಾಲು ಮುಟ್ಟಿದನು. ಹಾಲವ್ವನನ್ನು ಕೇಳಲಾಗಿ ಅವಳೂ ಹೂಂ ಎಂದಳು. ಆಮೇಲೆ ಲಿಂಬಣ್ಣ ದೀಪ ನೋಡಿ, “ಇಷ್ಟರ ಹೊರ್ತು ಈ ಮನೀ ಮ್ಯಾಲೆ ನನ್ನ ಹಕ್ಕಿಲ್ಲ, ಬಾಕಿಯಿಲ್ಲ” ಎಂದು ಹಿರಿಯರ ಮುಂದೆ ನುಡಿದು, ಒಳಗೇ ಕೂತು ವೀಳ್ಯ ಹಿಡಿದನು.

ಮುದುಕಿಗೂ ವೀಳ್ಯ ಕೊಡೋಣವೆಂದು ತಿರುಗಿದರೆ ಅವಳಿಲ್ಲ. ಹೊಸ್ತಿಲಿಗೆ ಮಾತ್ರ ಮನೆಯವರಾರೂ ಬಳಿಯದ ಅರಿಶಿನ ಹಸಿಹಸಿಯಾಗಿತ್ತು. ಎಲ್ಲರೂ ಅಡ್ಡಬಿದ್ದರು, ಒಲೆ ಉರಿಯಿತು, ಲಿಂಬಣ್ಣನೂ ಹಾಲವ್ವನೂ ಒಂದೇ ಸಾಲಿನಲ್ಲಿ ಕೂತು ಉಂಡರು. ದುಗ್ಗಪ್ಪ ಗುದ್ದಲಿ ಹೊತ್ತು ಕೆಳಗೇರಿಗೆ ಹೊರಟನು. ಈ ಸಲ ದಾರಿ ನೆಟ್ಟಗೆ ಹೋಯಿತು. ಅವನು ಕುಣಿ ಅಗೆಯುತ್ತಿರಲಾಗಿ, ಇತ್ತ ಹಾಲವ್ವ ತನ್ನ ಪಾಲಿನ ಮನೆಯಲ್ಲಿ ಹೆಣ್ಣುಕೂಸನ್ನು ಹಡೆದಳು. ಸೀರೆ ಹೊತ್ತ ದುಗ್ಗಪ್ಪನಿಗೆ ಕೈಹಿಡಿದ ವ್ಯಾಪಾರವಾಗಿ, ಕುದುರೆಯೂ ಬಂತು, ಸಮುದ್ರವನ್ನೂ ನೋಡಿದನು. ನೋಡಿ ಮನೆಗೇ ಬಂದನು.

ಮಾಳವ್ವನಿಗೆ ಒಲಿದ ತಾಯಿ ಈ ಕಥೆ ಓದಿದವರಿಗೂ, ಕೂತು ಕೇಳಿದವರಿಗೂ, ನಡುವೆ ತೂಕಡಿಸಿ ಎಚ್ಚೆತ್ತವರಿಗೂ ಒಲಿಯಲಿ. ಅವರು ಕೊಟ್ಟ ಮಾತು ನಿಲ್ಲಲಿ, ನಿಲ್ಲದೆ ಹೋದರೆ ಕೂತು ಕೇಳುವ ತಾಳ್ಮೆ ಬರಲಿ, ಅವರ ಹೊಸ್ತಿಲಲ್ಲಿ ಯಾರೂ ಹಸಿದು ಕೂರದಿರಲಿ. ಅಕ್ಷತೆ ಹಾಕಿರಿ.